ಗೇಮ್ ಆಫ್ ಥ್ರೋನ್ಸ್ ಬೋರ್ಡ್ ಗೇಮ್: ಮಿತ್ರನ ಬಲವನ್ನು ಲೆಕ್ಕಕ್ಕೆ ಹಿಡಿಯಬೇಡಿ

ಫ್ಯಾಂಟಸಿ ಫ್ಲೈಟ್ ಗೇಮ್ಸ್ 2011ರಲ್ಲಿ ತಂದ ಎರಡನೇ ಆವೃತ್ತಿಯನ್ನು 3ರಿಂದ 6 ಜನ ಆಡಬಹುದು. ಆದರೆ ಆರು ಜನ ಸೇರಿದಾಗಲೇ ಇದರ ಸೊಗಸು. ಮೂವರೇ ಆದರೆ ಸಂಧಾನಕ್ಕೆ ಜಾಗವೇ ಇರುವುದಿಲ್ಲ. 10 ಸುತ್ತಿನೊಳಗೆ 7 ಕೋಟೆ ಹಿಡಿದವರಿಗೆ ಗೆಲುವು.

ಇಲ್ಲಿ ಕೊಟ್ಟ ಮಾತಿಗೆ ನಿಯಮದ ಕಾವಲಿಲ್ಲ. ಸೈನ್ಯ ಏನು ಮಾಡಬೇಕೆಂದು ಹೇಳುವ ಆಜ್ಞೆಯ ಬಿಲ್ಲೆಗಳನ್ನು ಎಲ್ಲರೂ ಮುಚ್ಚಿಟ್ಟು ಒಟ್ಟಿಗೇ ತಿರುಗಿಸುತ್ತಾರೆ. ದಾಳಿಯ (ಮಾರ್ಚ್) ಬಿಲ್ಲೆಯಾದರೂ ಕಣ್ಣಿಗೆ ಕಾಣುತ್ತದೆ. ಹೆದರಬೇಕಾದದ್ದು ಪಕ್ಕದ ಕಾಳಗಕ್ಕೆ ಬಲ ಕೊಡುವ ಸಪೋರ್ಟ್ ಬಿಲ್ಲೆಗೆ. ಪಕ್ಕದ ಪ್ರದೇಶದಲ್ಲಿ ನಿಮಗೆಂದೇ ಅದನ್ನಿಟ್ಟ ಮಿತ್ರ, ಕಾಳಗ ಶುರುವಾದ ಮೇಲೆ ಎದುರಾಳಿಗೆ ಬಲ ಕೊಡಬಹುದು. ಆ ಬಲ ಅತ್ತ ಹೋದರೂ ಗೆಲ್ಲುವಂತಿದ್ದರೆ ಮಾತ್ರ ನುಗ್ಗಿ. ಅನುಮಾನವಿದ್ದರೆ ಪಕ್ಕದಲ್ಲೊಂದು ರೇಡ್ ಬಿಲ್ಲೆ ಇಟ್ಟಿರಿ: ಮಾರ್ಚ್‌ಗಿಂತ ಮೊದಲು ಅದೇ ನಡೆಯುವುದರಿಂದ ಸಪೋರ್ಟ್ ಬಿಲ್ಲೆಯನ್ನು ಕಿತ್ತುಹಾಕಬಹುದು.

ಲ್ಯಾನಿಸ್ಟರ್ ಮನೆತನವಾಗಿ ಆಡುವವರು ಮೊದಲ ಸುತ್ತಿಗೂ ಮುನ್ನವೇ ಗ್ರೇಜಾಯ್ ಮನೆತನದ ಜೊತೆ ಸಂಧಾನ ಮಾಡಿಕೊಳ್ಳಲೇಬೇಕು. ಗೋಲ್ಡನ್ ಸೌಂಡ್ ಸಮುದ್ರದಲ್ಲಿರುವ ನಿಮ್ಮ ಹಡಗು ಮುಳುಗಿದರೆ ತವರು ಕೋಟೆ ಲ್ಯಾನಿಸ್‌ಪೋರ್ಟ್ ದಾಳಿಗೆ ಬಯಲಾಗುತ್ತದೆ, ಆಮೇಲೆ ಚೇತರಿಸಿಕೊಳ್ಳುವುದು ಬಹಳ ಕಷ್ಟ.

ಎಲ್ಲರೂ ಸೇರಿ ತಡೆಯಬೇಕಾದ ವೈಲ್ಡ್‌ಲಿಂಗ್ (ಉತ್ತರದ ಕಾಡುಜನ) ದಾಳಿಗೆ ಪವರ್ ಬಿಲ್ಲೆಗಳನ್ನು ಗುಟ್ಟಾಗಿ ಹಾಕುವ ಬಿಡ್‌ನಲ್ಲಂತೂ ಎಲ್ಲರೂ ಹೆಚ್ಚು ಹಾಕುವೆವೆನ್ನುತ್ತಾರೆ, ಎಷ್ಟೋ ಸಲ ಸೊನ್ನೆ ಹಾಕಿರುತ್ತಾರೆ. ಸೋತಾಗ ಅತಿ ಕಡಿಮೆ ಹಾಕಿದವರಿಗೇ ಕಠಿಣ ಶಿಕ್ಷೆ, ಒಂದೆರಡಾದರೂ ಹಾಕಿ.