ಕಾಫಿ ಹೂವಿನ ಬಿಳುಪು, ಬೇಲೂರಿನ ಕತ್ತಲು: ಫೋನಿನಲ್ಲಿ ರಾ ಚಿತ್ರ ತಿದ್ದಲು ಸ್ನ್ಯಾಪ್‌ಸೀಡ್ ಸಾಕೇ?

ಕಾಫಿಯನ್ನು ಅರಳಿಸುವ ಹೂಮಳೆ ಬಿದ್ದ ಎಂಟು-ಹತ್ತು ದಿನಗಳಲ್ಲಿ ಚಿಕ್ಕಮಗಳೂರಿನ ತೋಟಗಳೆಲ್ಲ ಬೆಳ್ಳಗಾಗುತ್ತವೆ, ಫೋನಿಗೂ ಕೆಲಸ ಸಿಗುತ್ತದೆ. ಆದರೆ ಹೆಚ್ಚಿನ ಚಿತ್ರಗಳಲ್ಲಿ ಕಾಫಿ ಹೂವಿನ ಎಸಳು ಬಿಡಿಬಿಡಿಯಾಗಿ ಕಾಣದೆ, ರೆಂಬೆಗೆ ಸುಣ್ಣ ಮೆತ್ತಿದಂತೆ ಕಾಣುತ್ತದೆ. ಜೆಪೆಗ್ ಚಿತ್ರದಲ್ಲಿ ಪ್ರತಿ ಬಣ್ಣಕ್ಕೂ 256 ಹಂತಗಳಷ್ಟೇ ಇರುವುದರಿಂದ, ಫೋನು ತಾನೇ ನಿರ್ಧರಿಸಿ ಬೆಳಗಿಸಿದ ಬಿಳುಪನ್ನು ಆಮೇಲೆ ತಗ್ಗಿಸಿದರೆ ಅದು ಬೂದು ಬಣ್ಣಕ್ಕೆ ತಿರುಗುತ್ತದೆಯೇ ಹೊರತು ವಿವರ ಮರಳುವುದಿಲ್ಲ. ಕ್ಯಾಮೆರಾವನ್ನು ಕೈಯಾರೆ ಹೊಂದಿಸುವ ಪ್ರೊ ಮೋಡ್‌ನಲ್ಲಿ ರಾ (ಸೆನ್ಸರ್ ಗ್ರಹಿಸಿದ್ದನ್ನು ಫೋನು ತಿದ್ದದೆ ಹಾಗೆಯೇ ಉಳಿಸುವ ಕಡತ) ಆಯ್ಕೆ ಇರುವ ಫೋನುಳ್ಳವರಿಗೆ ಇದಕ್ಕೊಂದು ದಾರಿಯುಂಟು. ಆ ರಾ ಕಡತವನ್ನು ಫೋನಿನಲ್ಲೇ ತಿದ್ದಿ ಮುಗಿಸಲು ಖರ್ಚಿಲ್ಲದ ಆ್ಯಪ್ ಎಂದರೆ ಸ್ನ್ಯಾಪ್‌ಸೀಡ್.

ನಿಕ್ ಸಾಫ್ಟ್‌ವೇರ್ ಸಂಸ್ಥೆ 2011ರಲ್ಲಿ ಐಪ್ಯಾಡ್‌ಗೆಂದು ಹೊರತಂದ ಈ ಆ್ಯಪ್, ಮರುವರ್ಷ ಆ ಸಂಸ್ಥೆಯನ್ನು ಗೂಗಲ್ ಕೊಂಡಾಗ ಅದರ ಪಾಲಾಯಿತು. ಆಂಡ್ರಾಯ್ಡ್‌ನಲ್ಲಿ ಡಿಎನ್‌ಜಿ (ಫೋನುಗಳು ರಾ ಚಿತ್ರ ಉಳಿಸುವ ಸಾಮಾನ್ಯ ರೂಪ) ಕಡತ ತೆರೆಯುವ ಸೌಲಭ್ಯ 2015ರಲ್ಲಿ ಸೇರಿತು. ಇಲ್ಲಿ ಹೇಳುತ್ತಿರುವುದು ಆಂಡ್ರಾಯ್ಡ್‌ನ 2ನೇ ಸರಣಿಯ ಆವೃತ್ತಿಯ ಬಗ್ಗೆ.

ಡಿಎನ್‌ಜಿ ಕಡತವನ್ನು ತೆರೆದೊಡನೆ ಆ್ಯಪ್ ನೇರವಾಗಿ 'ಡೆವಲಪ್' ಪುಟಕ್ಕೆ ಕರೆದೊಯ್ಯುತ್ತದೆ. ಬೆರಳನ್ನು ಮೇಲೆ-ಕೆಳಗೆ ಎಳೆದರೆ ಯಾವುದನ್ನು ತಿದ್ದಬೇಕೆಂಬ ಆಯ್ಕೆ, ಎಡಕ್ಕೆ-ಬಲಕ್ಕೆ ಎಳೆದರೆ ಅದರ ಪ್ರಮಾಣ. ಇಷ್ಟು ಸರಳವಾದ ವ್ಯವಸ್ಥೆ ಬೇರೆ ಕಡೆ ಕಾಣುವುದು ಅಪರೂಪ. ಕಾಫಿ ಹೂವಿನ ಚಿತ್ರದಲ್ಲಿ ಮೊದಲು ಹೈಲೈಟ್ಸ್ (ತೀರ ಬೆಳಕಿನ ಭಾಗಗಳು) ಅನ್ನು ಚೆನ್ನಾಗಿ ಇಳಿಸಿ, ಎಕ್ಸ್‌ಪೋಷರ್ (ಒಟ್ಟು ಬೆಳಕು) ಅನ್ನು ತುಸು ತಗ್ಗಿಸಿದರೆ, ಮುದ್ದೆಯಾಗಿದ್ದ ಗೊಂಚಲಿನಲ್ಲಿ ಒಂದೊಂದೇ ಎಸಳಿನ ಅಂಚು ಬಿಡಿಸಿಕೊಳ್ಳುತ್ತದೆ, ನಡುವಿನ ಕೇಸರಗಳೂ ಎದ್ದು ಕಾಣುತ್ತವೆ. ಸಿಲ್ವರ್ ಓಕ್ ನೆರಳಿನಲ್ಲಿ ತೆಗೆದ ಹೂವಿಗೆ ಎಲೆಗಳ ಹಸಿರು ಛಾಯೆ ಅಂಟಿರುತ್ತದೆ. ರಾ ಕಡತದಲ್ಲಿ ಬಣ್ಣದ ಸಮತೋಲನ ಇನ್ನೂ ಅಂತಿಮವಾಗಿರುವುದಿಲ್ಲವಾದ್ದರಿಂದ, ಅದನ್ನು ಸರಿಪಡಿಸಿದರೂ ಚಿತ್ರ ಕೆಡುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು: ಸೆನ್ಸರ್‌ನಲ್ಲೇ ಪೂರ್ತಿ ತುಂಬಿ ಹೋದ ಬಿಳುಪನ್ನು ಯಾವ ಆ್ಯಪ್ ಕೂಡ ಮರಳಿ ತರಲಾರದು, ಹಾಗಾಗಿ ತೆಗೆಯುವಾಗಲೇ ಒಂದು ಸ್ಟಾಪ್‌ನಷ್ಟು, ಅಂದರೆ ಬೆಳಕು ಅರ್ಧವಾಗುವಷ್ಟು, ಕಪ್ಪಾಗಿ ತೆಗೆಯುವುದು ಲೇಸು. ಬಿಸಿಲಿನಲ್ಲಿ ಪರದೆಯ ಹೊಳಪನ್ನು ನಂಬಿ ತಿದ್ದುವುದಕ್ಕಿಂತ, ಅಂಚಿನಲ್ಲಿರುವ ಹಿಸ್ಟೋಗ್ರಾಮ್ (ಕತ್ತಲು-ಬೆಳಕಿನ ಹಂಚಿಕೆ ತೋರುವ ನಕ್ಷೆ) ಅನ್ನು ನೋಡಿಕೊಂಡು ತಿದ್ದುವುದು ಕ್ಷೇಮ.

ಬೆಳಕಿನಲ್ಲಿ ಹೀಗೆ ಗೆಲ್ಲುವ ಆ್ಯಪ್ ಕತ್ತಲಲ್ಲಿ ಸೋಲುತ್ತದೆ. 1117ರಲ್ಲಿ ಕಟ್ಟಿದ ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗಕ್ಕೆ ಬೆಳಕು ಬರುವುದು ಬಾಗಿಲು ಮತ್ತು ಜಾಲಂಧ್ರಗಳಿಂದ ಮಾತ್ರ. ಅಲ್ಲಿನ ನಯಗೊಳಿಸಿದ ಕಂಬಗಳ ಕೆತ್ತನೆ ಕಾಣಲೆಂದು ಶ್ಯಾಡೋಸ್ (ಕತ್ತಲ ಭಾಗಗಳು) ಅನ್ನು ಮೇಲೆತ್ತಿದರೆ, ಕೆತ್ತನೆಯ ಜೊತೆಗೆ ಬಣ್ಣಬಣ್ಣದ ಕಾಳುಕಾಳಾದ ಗದ್ದಲವೂ (ನಾಯ್ಸ್) ಮೇಲೇಳುತ್ತದೆ, ಸಣ್ಣ ವಿವರಗಳನ್ನು ಎತ್ತಿ ತೋರುವ ಸ್ಟ್ರಕ್ಚರ್ ಹೆಚ್ಚಿಸಿದರಂತೂ ಕಲ್ಲಿಗೆ ಮರಳು ಎರಚಿದಂತಾಗುತ್ತದೆ. ಈ ಗದ್ದಲವನ್ನು ತಗ್ಗಿಸುವ ಸಾಧನವೇ ಸ್ನ್ಯಾಪ್‌ಸೀಡ್‌ನಲ್ಲಿ ಇಲ್ಲ. ಲೆನ್ಸಿನ ದೋಷ ತಿದ್ದುವ ಪ್ರೊಫೈಲ್‌ಗಳೂ ಇಲ್ಲ. ಇವೆರಡೂ ಅಡೋಬಿಯ ಚಿತ್ರ ತಿದ್ದುವ ಆ್ಯಪ್ ಲೈಟ್‌ರೂಮ್‌ನಲ್ಲಿವೆ, ಆದರೆ ಅದರ ಹಲವು ಸೌಲಭ್ಯಗಳಿಗೆ ಚಂದಾ ಕಟ್ಟಬೇಕು. ದೇವಾಲಯದ ಒಳಾಂಗಣವನ್ನೇ ಹೆಚ್ಚಾಗಿ ತೆಗೆಯುವವರು ಆ ಚಂದಾ ಕಟ್ಟುವುದೇ ಸರಿ, ಹೊರಗೋಡೆಯ ಮದನಿಕೆಯರಷ್ಟೇ ಸಾಕೆನ್ನುವವರಿಗೆ ಅದರ ಅಗತ್ಯವಿಲ್ಲ.

ಮಾಡಿದ ತಿದ್ದುಪಡಿಗಳೆಲ್ಲ ಪದರಪದರವಾಗಿ ಉಳಿಯುವುದು ಇದರ ದೊಡ್ಡ ಗುಣ. ನಂತರದ ಹಂತಗಳನ್ನು ಮುಗಿಸಿದ ಮೇಲೂ 'ಡೆವಲಪ್' ಹಂತಕ್ಕೆ ಹಿಂತಿರುಗಿ ಹೈಲೈಟ್ಸ್ ಬದಲಿಸಬಹುದು, ಮೂಲ ಕಡತ ಹಾಗೆಯೇ ಇರುತ್ತದೆ. ಹೊರಬರುವ ಚಿತ್ರ ಸಾಮಾನ್ಯವಾಗಿ ಜೆಪೆಗ್. 12 ಮೆಗಾಪಿಕ್ಸೆಲ್‌ನ ಸಂಕುಚಿಸದ ಡಿಎನ್‌ಜಿ ಸುಮಾರು 24 ಎಂಬಿ ತೂಗುವುದರಿಂದ, 64 ಜಿಬಿಯ ಫೋನಿನವರು ಬೇಡದ್ದನ್ನು ಆಗಾಗ ಅಳಿಸುತ್ತಿರಬೇಕು.

ದೊಡ್ಡ ಕ್ಯಾಮೆರಾ ಇಟ್ಟುಕೊಂಡಿರುವ ಹಾಸನದ ಮದುವೆ ಫೋಟೋಗ್ರಾಫರ್‌ಗಳಿಗೆ ಇದನ್ನು ಶಿಫಾರಸು ಮಾಡಲಾರೆ. ಅವುಗಳ ರಾ ಕಡತಗಳಾದ ಕ್ಯಾನನ್‌ನ ಸಿಆರ್2, ನಿಕಾನ್‌ನ ಎನ್‌ಇಎಫ್ ಈ ಆವೃತ್ತಿಯಲ್ಲಿ ನೇರವಾಗಿ ತೆರೆಯುವುದಿಲ್ಲ; ಅಡೋಬಿಯ ಉಚಿತ ಪರಿವರ್ತಕದಿಂದ ಡಿಎನ್‌ಜಿ ಮಾಡಿಕೊಳ್ಳೋಣವೆಂದರೆ ಅದಕ್ಕೆ ಕಂಪ್ಯೂಟರ್ ಬೇಕು, ಕಂಪ್ಯೂಟರಿನ ಮುಂದೆ ಕುಳಿತ ಮೇಲೆ ಫೋನಿನಲ್ಲಿ ತಿದ್ದುವುದಕ್ಕೆ ಅರ್ಥವಿಲ್ಲ. ಧಾರೆಯಿಂದ ಊಟದವರೆಗಿನ ನೂರಾರು ಚಿತ್ರಗಳನ್ನು ಒಂದೊಂದಾಗಿ ತೆರೆದು ಎಳೆಯುತ್ತ ಕೂರುವಷ್ಟು ಪುರುಸೊತ್ತೂ ಅವರಿಗಿರುವುದಿಲ್ಲ.