ದುಡ್ಡು ನಮ್ಮದು, ಡೊಮೇನ್ ಅವನದು: ವೆಬ್‌ಸೈಟ್ ಇರುವವರು ದಯವಿಟ್ಟು ಓದಿ

ಮೊದಲು ಒಂದು ಕೆಲಸ ಮಾಡಿ. ನಿಮ್ಮ ಅಂಗಡಿಯ ಡೊಮೇನ್, ಅಂದರೆ ವೆಬ್‌ಸೈಟ್‌ನ ಡಾಟ್ ಕಾಮ್ ಥರದ ಹೆಸರು, ಯಾರ ಅಕೌಂಟ್‌ನಲ್ಲಿದೆ ನೋಡಿ. ನಿಮ್ಮದೇ ಅಕೌಂಟ್, ನಿಮ್ಮದೇ ಪಾಸ್‌ವರ್ಡ್ ಆಗಿದ್ದರೆ ಒಳ್ಳೆಯದು. "ಅದನ್ನೆಲ್ಲ ವೆಬ್‌ಸೈಟ್ ಮಾಡಿದವರೇ ನೋಡ್ಕೋತಾರೆ" ಎನ್ನುವವರಾಗಿದ್ದರೆ ಇದನ್ನು ಕೊನೆವರೆಗೆ ಓದಿ. ನಾನೂ ಮೂರು ವರ್ಷ ಹಾಗೇ ಹೇಳುತ್ತಿದ್ದೆ.

ನಮ್ಮದು ಶಿರಸಿ ಹತ್ತಿರದ ಹಳ್ಳಿ. ಅಮ್ಮ, ಅತ್ತಿಗೆ, ನಾನು ಸೇರಿ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಮುರುಗಲು ಶರಬತ್ತು ಮಾಡಿ ಮಾರುತ್ತೇವೆ. ಶುರುವಿನಲ್ಲಿ ಎಲ್ಲ ವಾಟ್ಸಾಪ್‌ನಲ್ಲೇ ನಡೆಯುತ್ತಿತ್ತು. ಆರ್ಡರ್ ಜಾಸ್ತಿ ಆದಾಗ, 2022ರ ಜನವರಿಯಲ್ಲಿ, ವೆಬ್‌ಸೈಟ್ ಮಾಡಿಸಿದೆವು. ಅದಕ್ಕೆ ಅಜ್ಜಿಯ ಹೆಸರನ್ನೇ ಇಟ್ಟೆವು. ಮಿಡಿಗೆ ಉಪ್ಪು ಎಷ್ಟು, ಎಷ್ಟು ದಿನ ಬಿಡಬೇಕು, ಮಸಾಲೆ ಯಾವಾಗ ಬೆರೆಸಬೇಕು, ಎಲ್ಲ ಅವಳು ಕಲಿಸಿದ್ದು. ಅವಳು ತೀರಿಕೊಂಡು ಆಗ ಒಂದು ವರ್ಷವೂ ಆಗಿರಲಿಲ್ಲ.

ಆ ಹೆಸರಿಗಾಗಿ ಎರಡು ವಾರ ತಲೆ ಕೆಡಿಸಿಕೊಂಡಿದ್ದೆವು. ಕನ್ನಡದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕಲ್ಲ, ಕೊನೆಗೆ ಒಂದು 'ಎ' ಸಾಕಾ, ಎರಡು ಬೇಕಾ? ಮಹಾಪ್ರಾಣಕ್ಕೆ 'ಎಚ್' ಹಾಕಿದರೆ ಜನ ಹಾಗೇ ಟೈಪ್ ಮಾಡುತ್ತಾರಾ? ಹತ್ತು ಜನರಿಗೆ ಫೋನ್ ಮಾಡಿ, ಬರೀ ಬಾಯಲ್ಲಿ ಹೇಳಿ, ಹೇಗೆ ಬರೆಯುತ್ತೀರಿ ಎಂದು ಕೇಳಿದೆವು. ಏಳು ಜನ ಒಂದೇ ಥರ ಬರೆದರು. ಅದೇ ಸರಿ ಎಂದುಕೊಂಡೆವು. ನಡುವೆ ಗೆರೆ ಬೇಡ, ಅಂಕಿ ಬೇಡ ಎಂದು ತೀರ್ಮಾನ ಆಯಿತು. ಡಾಟ್ ಕಾಮ್ ಖಾಲಿ ಇತ್ತು. ಅತ್ತಿಗೆ ಅವತ್ತು ಪಾಯಸ ಮಾಡಿದ್ದಳು.

ಕಾಗುಣಿತಕ್ಕೆ ಎರಡು ವಾರ ಕೊಟ್ಟವರು, ಅದು ಯಾರ ಹೆಸರಿಗೆ ನೋಂದಣಿ ಆಗುತ್ತದೆ ಎಂದು ಎರಡು ನಿಮಿಷ ಕೇಳಲಿಲ್ಲ. ಇವತ್ತಿಗೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ವೆಬ್‌ಸೈಟ್ ಮಾಡಿಕೊಟ್ಟದ್ದು ಬೆಂಗಳೂರಿನ ಒಂದು ಸಣ್ಣ ಕಂಪನಿ. ಪರಿಚಯದವರ ಪರಿಚಯ. ಹೆಸರು ಬರೆಯುವುದಿಲ್ಲ, ದೂರು ಕೊಟ್ಟಿದ್ದೇನೆ. ಡೊಮೇನ್, ಹೋಸ್ಟಿಂಗ್, ಐದು ಪುಟ, ಮೇಲ್ ಐಡಿ ಎಲ್ಲ ಸೇರಿ 22,000 ರೂಪಾಯಿಯ ಪ್ಯಾಕೇಜ್. ನಾನು ಕಾರ್ಡ್ ತೆಗೆದು, "ಡೊಮೇನ್ ನಾನೇ ತಗೊಳ್ಳಲಾ?" ಎಂದು ಕೇಳಿದ್ದೆ. ಹೌದು, ಕೇಳಿದ್ದೆ! ಅದಕ್ಕೆ ಆ ಕಂಪನಿ ನಡೆಸುವವನು, "ನಾವೇ ಬುಕ್ ಮಾಡ್ತೀವಿ ಮೇಡಂ, ನಿಮಗ್ಯಾಕೆ ಆ ತಲೆನೋವು" ಎಂದ. ಎಷ್ಟು ಒಳ್ಳೆಯವನು ಅನ್ನಿಸಿತು.

ಆಮೇಲೆ ಪ್ರತಿ ಜನವರಿಗೆ 3,500 ರೂಪಾಯಿ 'ರಿನ್ಯೂವಲ್' ಎಂದು ಕಳಿಸುತ್ತಿದ್ದೆ. ಡಾಟ್ ಕಾಮ್ ಒಂದಕ್ಕೆ ವರ್ಷಕ್ಕೆ ಸಾವಿರದ ಆಸುಪಾಸು ಎಂದು ಆಮೇಲೆ ಗೊತ್ತಾಯಿತು. ಅದು ಹೋಗಲಿ. ಬಾಟಲಿಯ ಲೇಬಲ್, ಡಬ್ಬಿ, ಮೇಳದ ಬ್ಯಾನರ್, ಎಲ್ಲದರ ಮೇಲೂ ಆ ವಿಳಾಸ. ಎಫ್‌ಎಸ್‌ಎಸ್‌ಎಐ ನಂಬರ್ ಪಕ್ಕದಲ್ಲೇ ದೊಡ್ಡದಾಗಿ ಮುದ್ರಿಸಿದ್ದೆವು. ಬ್ಯಾಂಕ್, ಕೊರಿಯರ್, ಪೇಮೆಂಟ್ ಗೇಟ್‌ವೇ, ಎಲ್ಲಕ್ಕೂ ಕೊಟ್ಟದ್ದು ಅದೇ ಡೊಮೇನ್‌ನ ಮೇಲ್ ಐಡಿ.

2025ರ ಏಪ್ರಿಲ್‌ನಲ್ಲಿ ಸೈಟ್ ತುಂಬಾ ನಿಧಾನ ಆಗಿತ್ತು. ಚಿಕ್ಕಮ್ಮನ ಮಗಳು ಈ ಕೆಲಸ ಕಲಿತವಳು, ಹೊಸದಾಗಿ ಮಾಡಿಕೊಡುತ್ತೇನೆ ಎಂದಳು. "ಅಕ್ಕಾ, ಡೊಮೇನ್ ಲಾಗಿನ್ ಕೊಡು" ಎಂದು ಕೇಳಿದಳು. ನನ್ನ ಹತ್ತಿರ ಇರಲಿಲ್ಲ. ಕೇಳಿದರೆ ಕೊಡುತ್ತಾರೆ, ಅದರಲ್ಲೇನಿದೆ ಎಂದು ಅವನಿಗೆ ಮೆಸೇಜ್ ಹಾಕಿದೆ. ಎರಡು ದಿನ ಉತ್ತರ ಬರಲಿಲ್ಲ. ಮೂರನೆಯ ದಿನ ಬಂದದ್ದು ಇದು:

"ಡೊಮೇನ್ ನಮ್ಮ ಕಂಪನಿ ಅಸೆಟ್ ಮೇಡಂ. ಬೇಕಿದ್ದರೆ ರಿಲೀಸ್ ಚಾರ್ಜ್ 40,000 ಆಗುತ್ತೆ."

ನಾನು ಮೊದಲು 4,000 ಎಂದೇ ಓದಿದೆ. ಮತ್ತೆ ನೋಡಿದೆ. ನಲವತ್ತು ಸಾವಿರ.

ತಂಗಿ ಐಕ್ಯಾನ್‌ನ ಲುಕಪ್ ಪುಟ ತೆಗೆದು ನಮ್ಮ ಹೆಸರು ಹಾಕಿದಳು. ಜಗತ್ತಿನ ಡಾಟ್ ಕಾಮ್ ಹೆಸರುಗಳ ನಿಯಮ ಮಾಡುವ ಸಂಸ್ಥೆ ಅದು, ಯಾರು ಬೇಕಾದರೂ ಅಲ್ಲಿ ಪುಕ್ಕಟೆ ನೋಡಬಹುದು. ನೋಂದಣಿಯಾದ ದಿನ, ಮುಗಿಯುವ ದಿನ, ಯಾವ ರಿಜಿಸ್ಟ್ರಾರ್ (ಡೊಮೇನ್ ನೋಂದಣಿ ಮಾಡಿಕೊಡುವ ಕಂಪನಿ), ಎಲ್ಲ ಬಂತು. ಕೆಳಗೆ ಆರ್ಗನೈಜೇಶನ್ ಎನ್ನುವ ಜಾಗದಲ್ಲಿ ಅವನ ಕಂಪನಿಯ ಹೆಸರು. ನನ್ನ ಹೆಸರು ಎಲ್ಲೂ ಇಲ್ಲ. ನನ್ನ ಅಜ್ಜಿಯ ಹೆಸರು, ಅವಳನ್ನು ಒಂದು ದಿನವೂ ನೋಡದ ಒಬ್ಬನ ಆಸ್ತಿ ಆಗಿ ಅಲ್ಲಿ ಕೂತಿತ್ತು. ಅಮ್ಮ ಪಕ್ಕದಲ್ಲೇ ಹಪ್ಪಳ ಒತ್ತುತ್ತಿದ್ದಳು. ಅವಳಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ನಾಲ್ಕು ದಿನ ಹೇಳಲೇ ಇಲ್ಲ.

ಫೋನ್ ಮಾಡಿದೆ. ದುಡ್ಡು ನಾವು ಕೊಟ್ಟಿದ್ದೇವೆ ಎಂದೆ. "ಬಿಲ್ ನೋಡಿ ಮೇಡಂ, ವೆಬ್‌ಸೈಟ್ ಸರ್ವಿಸ್ ಅಂತಿದೆ. ಡೊಮೇನ್ ಓನರ್‌ಶಿಪ್ ಅಂತ ಎಲ್ಲಿದೆ?" ಎಂದ. ಬಿಲ್ ನೋಡಿದೆ. ನಿಜ. ಮೂರು ವರ್ಷದ ಮೂರೂ ರಿನ್ಯೂವಲ್ ಬಿಲ್‌ನಲ್ಲೂ 'ವಾರ್ಷಿಕ ನಿರ್ವಹಣೆ' ಎಂದಷ್ಟೇ ಇದೆ. ಡೊಮೇನ್ ಎಂಬ ಪದವೇ ಇಲ್ಲ. ಅಂದರೆ ಮೊದಲ ದಿನದಿಂದಲೇ ಅವನಿಗೆ ಗೊತ್ತಿತ್ತು, ಅಲ್ವಾ? "ನಿಮಗ್ಯಾಕೆ ಆ ತಲೆನೋವು" ಎಂದದ್ದು ಇದಕ್ಕೇ.

ರಿಜಿಸ್ಟ್ರಾರ್‌ಗೆ ಬರೆದೆ. ನಮ್ಮ ಬಿಲ್, ಲೇಬಲ್, ಅಜ್ಜಿಯ ಆಧಾರ್ ಕಾರ್ಡ್ ಸಮೇತ ಕಳಿಸಿದೆ. ಅಕೌಂಟ್ ಯಾರದೋ ಅವರ ಜೊತೆ ಮಾತ್ರ ಮಾತಾಡುತ್ತೇವೆ ಎಂದು ಉತ್ತರ ಬಂತು. ಡೊಮೇನ್ ಬೇರೆ ಕಡೆ ಒಯ್ಯಲು ಒಂದು ಕೋಡ್ ಬೇಕು. ಕೇಳಿದರೆ ರಿಜಿಸ್ಟ್ರಾರ್ ಅದನ್ನು ಐದು ದಿನದೊಳಗೆ ಕೊಡಬೇಕು ಎಂಬ ನಿಯಮವೂ ಇದೆ. ಅದನ್ನು ಓದಿ ಜೀವ ಬಂದಂತಾಯಿತು. ಆದರೆ ಕೇಳಬೇಕಾದವರು ನೋಂದಣಿ ಮಾಡಿಸಿಕೊಂಡವರು. ನೋಂದಣಿ ಇರುವುದು ಅವನ ಹೆಸರಲ್ಲಿ. ಎಲ್ಲಿ ಹೋದರೂ ತಿರುಗಿ ಅವನ ಬಾಗಿಲಿಗೇ ಬರುತ್ತಿದ್ದೆ.

ಈಗ ಹೇಳುವುದನ್ನು ಬರೆಯಲು ನಾಚಿಕೆ ಆಗುತ್ತದೆ. ಆದರೂ ಬರೆಯುತ್ತೇನೆ. ನಾನು ಅವನಿಗೆ ದುಡ್ಡು ಕೊಟ್ಟೆ.

ಮೇ ತಿಂಗಳು. ಹೊಸ ಮಿಡಿಯ ಉಪ್ಪಿನಕಾಯಿ ಹೊರಡುವ ಹೊತ್ತು. ಮಾತಿಗೆ ಮಾತು ಬೆಳೆದು ಅವನು ಒಂದು ರಾತ್ರಿ ಸೈಟ್ ಬಂದ್ ಮಾಡಿದ. ಸೈಟ್ ಜೊತೆಗೆ ಮೇಲ್ ಕೂಡ ಹೋಯಿತು. ಪೇಮೆಂಟ್ ಗೇಟ್‌ವೇಗೆ ಲಾಗಿನ್ ಆಗಲು ಓಟಿಪಿ ಬರುವುದೇ ಆ ಮೇಲ್‌ಗೆ. ಗಿರಾಕಿಗಳು ಕಟ್ಟಿದ ದುಡ್ಡು ಒಳಗೆ, ನಾನು ಹೊರಗೆ. ಇನ್ನೊಂದು ಮಾತು, ಇದು ನನಗೆ ಆಗಲೇ ಹೊಳೆದದ್ದು: ಡೊಮೇನ್ ಯಾರ ಕೈಲಿದೆಯೋ ಅವರು ಆ ಮೇಲ್‌ಗೆ ಬರುವುದನ್ನೆಲ್ಲ ತಮ್ಮ ಕಡೆ ತಿರುಗಿಸಿಕೊಳ್ಳಬಹುದು. ಬ್ಯಾಂಕಿನದೂ ಸೇರಿ. ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದು ಎಲ್ಲ ಕಡೆ ಮೇಲ್ ಐಡಿ ಬದಲಿಸಲು ಓಡಾಡಿದೆ.

ಅವನು ಚೌಕಾಸಿಗೆ ಬಂದ. "ಆಯ್ತು ಮೇಡಂ, ನಿಮಗೋಸ್ಕರ 30,000. ಈಗ 15,000 ಹಾಕಿ, ಕೋಡ್ ಕಳಿಸ್ತೀನಿ. ಬಂದ ಮೇಲೆ ಉಳಿದದ್ದು." ಬಾಕಿ ಕೊಡುವ ಮೊದಲೇ ಕೋಡ್ ಸಿಗುತ್ತದಲ್ಲ, ಮೋಸ ಹೇಗಾಗುತ್ತದೆ ಎಂದುಕೊಂಡೆ. ಹಾಕಿದೆ. ಹತ್ತೇ ನಿಮಿಷಕ್ಕೆ ಕೋಡ್ ಬಂತು. ತಂಗಿ ಹೊಸ ಅಕೌಂಟ್‌ನಲ್ಲಿ ಹಾಕಿದಳು. ಡೊಮೇನ್ ಲಾಕ್ ಆಗಿದೆ, ವರ್ಗಾವಣೆ ಆಗುವುದಿಲ್ಲ ಎಂದು ಬಂತು.

ಕೋಡ್ ಒಂದೇ ಸಾಲದು. ಟ್ರಾನ್ಸ್‌ಫರ್ ಲಾಕ್ ಎಂಬ ಬೀಗವನ್ನೂ ತೆಗೆದಿರಬೇಕು. ಅದು ಅವನ ಅಕೌಂಟ್‌ನಲ್ಲಿ ಒಂದು ಗುಂಡಿ ಒತ್ತಿದರೆ ಹೋಗುವ ಬೀಗ. ಅವನು ಬೇಕೆಂದೇ ತೆಗೆಯಲಿಲ್ಲ.

"ಸರ್ವರ್ ಅಪ್‌ಡೇಟ್ ಆಗ್ಬೇಕು ಮೇಡಂ, 48 ಗಂಟೆ." ಕಾದೆ. "ಟೆಕ್ನಿಕಲ್ ಟೀಮ್ ರಜೆ ಮೇಲಿದೆ." ಕಾದೆ. ಒಂಬತ್ತನೆಯ ದಿನ: "ಬಾಕಿ 15,000 ಕ್ಲಿಯರ್ ಮಾಡಿ, ತಕ್ಷಣ ಅನ್‌ಲಾಕ್." ಆಗ ನನಗೆ ಅರ್ಥ ಆಯಿತು. ಅದನ್ನೂ ಕೊಟ್ಟರೆ ಮತ್ತೊಂದು ಬೀಗ ಇರುತ್ತದೆ. ಹದಿನೈದು ಸಾವಿರ ಎಂದರೆ ನಾವು ಮೂವರು ಎಷ್ಟು ದಿನ ಒಲೆ ಮುಂದೆ ಕೂತ ದುಡ್ಡು ಎಂದು ಅವನಿಗೇನು ಗೊತ್ತು. "ವ್ಯವಹಾರ ಅಂದ್ಮೇಲೆ ನೀವು ತಿಳ್ಕೊಂಡಿರ್ಬೇಕಿತ್ತು" ಎಂದು ಕೊನೆಗೆ ನನಗೇ ಬುದ್ಧಿ ಹೇಳಿದ. ಆ ಮೆಸೇಜ್ ಇನ್ನೂ ಅಳಿಸಿಲ್ಲ.

ವಕೀಲರನ್ನು ಕಂಡೆ. ಹೀಗೆ ಬೇರೆಯವರ ಹೆಸರನ್ನು ಹಿಡಿದುಕೊಂಡವರ ಮೇಲೆ ಯುಡಿಆರ್‌ಪಿ ಎಂಬ ದಾರಿ ಇದೆ, 1999ರಿಂದಲೂ ಇದೆ. ಜಿನೀವಾದಲ್ಲಿರುವ ವೈಪೋ, ಅಂದರೆ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಗೆ ದೂರು ಕೊಡಬಹುದು. ಒಬ್ಬ ತೀರ್ಪುಗಾರರಿಗೆ ಶುಲ್ಕ 1,500 ಡಾಲರ್. ನಮ್ಮ ಲೆಕ್ಕದಲ್ಲಿ ಲಕ್ಷದ ಮೇಲಾಯಿತು, ವಕೀಲರ ಫೀಸು ಬೇರೆ. ದುಡ್ಡು ಹೊಂದಿಸಿದರೂ ಮೊದಲ ಪ್ರಶ್ನೆ, "ಟ್ರೇಡ್‌ಮಾರ್ಕ್ ಇದೆಯಾ?" ಇಲ್ಲ. ನಮ್ಮಂಥ ಸಣ್ಣವರಿಗೆ ಅದರ ಆನ್‌ಲೈನ್ ಅರ್ಜಿಗೆ, ಸರಕಿನ ಒಂದು ವರ್ಗಕ್ಕೆ, 4,500 ರೂಪಾಯಿ. ಉಪ್ಪಿನಕಾಯಿ 29ನೆಯ ವರ್ಗಕ್ಕೆ ಬರುತ್ತದೆ. ಇದನ್ನು ಯಾರೂ ನಮಗೆ ಹೇಳಿರಲಿಲ್ಲ. ಮಾಡಿಸಿಲ್ಲದಿದ್ದರೂ ಹೆಸರಿನ ಮೇಲೆ ಹಕ್ಕಿದೆ ಎಂದು ವಾದಿಸಬಹುದಂತೆ, ಆದರೆ ಆ ಹೆಸರಿನಿಂದಲೇ ಜನ ನಮ್ಮನ್ನು ಗುರುತಿಸುತ್ತಾರೆ ಎಂದು ದಾಖಲೆ ಸಮೇತ ತೋರಿಸಬೇಕು. ಪೊಲೀಸರು ಇದು ಸಿವಿಲ್ ವಿಷಯ ಎಂದರು. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. ನಂಬರ್ ಬಂದಿದೆ, ಬೇರೇನೂ ಬಂದಿಲ್ಲ.

ಈಗ ಬೇರೆ ಡೊಮೇನ್ ತೆಗೆದುಕೊಂಡಿದ್ದೇವೆ. ನನ್ನ ಹೆಸರು, ನನ್ನ ಕಾರ್ಡ್, ನನ್ನ ಜಿಮೇಲ್. ಹದಿನೈದು ನಿಮಿಷ ಹಿಡಿಯಿತು. ಹದಿನೈದೇ ನಿಮಿಷ! ಇದನ್ನೇ ಅವನು ತಲೆನೋವು ಎಂದದ್ದು.

ಹಾಗಾಗಿ ಕೇಳಿ. ವೆಬ್‌ಸೈಟ್ ಯಾರಿಂದ ಬೇಕಾದರೂ ಮಾಡಿಸಿ, ಡೊಮೇನ್ ಮಾತ್ರ ನೀವೇ ಕೂತು ತೆಗೆದುಕೊಳ್ಳಿ. ಅವರಿಗೆ ಬೇಕಾದ ಸೆಟ್ಟಿಂಗ್ ನೀವೇ ಹಾಕಿಕೊಡಿ. ಆ ಅಕೌಂಟ್‌ಗೆ ಅದೇ ಡೊಮೇನ್‌ನ ಮೇಲ್ ಐಡಿ ಕೊಡಬೇಡಿ, ಡೊಮೇನ್ ನಿಂತರೆ ಅದೂ ನಿಲ್ಲುತ್ತದೆ. ನೋಂದಣಿ ಆದ ತಕ್ಷಣ ಮೇಲ್ ವಿಳಾಸ ಖಚಿತಪಡಿಸಲು ಒಂದು ಮೇಲ್ ಬರುತ್ತದೆ, 15 ದಿನದೊಳಗೆ ಅದರಲ್ಲಿನ ಲಿಂಕ್ ಒತ್ತದಿದ್ದರೆ ಸೈಟ್ ನಿಲ್ಲಿಸುತ್ತಾರೆ. ಅದು ನಿಮ್ಮ ಮೇಲ್‌ಗೆ ಬರಲಿಲ್ಲ ಎಂದರೆ ಬೇರೆ ಯಾರದೋ ಮೇಲ್‌ಗೆ ಹೋಗಿರಬಹುದು, ವಿಚಾರಿಸಿ. ಈಗಾಗಲೇ ಬೇರೆಯವರ ಕೈಲಿದ್ದರೆ ಜಗಳ ಆಗುವ ಮುಂಚೆ, ಸಂಬಂಧ ಚೆನ್ನಾಗಿರುವಾಗಲೇ ಬದಲಿಸಿಕೊಳ್ಳಿ. ನಾಳೆ ಅಲ್ಲ. ಇವತ್ತೇ ಕೇಳಿ. ಅವರು ಏನು ಉತ್ತರ ಕೊಡುತ್ತಾರೆ ಎನ್ನುವುದರಲ್ಲೇ ಎಲ್ಲ ಗೊತ್ತಾಗುತ್ತದೆ.

ಹಳೆಯ ಡೊಮೇನ್‌ನ ಅವಧಿ ಜನವರಿಗೆ ಮುಗಿಯುತ್ತದೆ. ಅವನು ಕಟ್ಟದಿದ್ದರೂ ತಕ್ಷಣ ನಮಗೆ ಸಿಗುವುದಿಲ್ಲ. 45 ದಿನದವರೆಗೆ ರಿಜಿಸ್ಟ್ರಾರ್ ಇಟ್ಟುಕೊಳ್ಳಬಹುದು, ಆಮೇಲೆ 30 ದಿನ ಹಳೆಯ ಒಡೆಯನಿಗೇ ವಾಪಸ್ ಪಡೆಯುವ ಅವಕಾಶ, ಆಮೇಲೆ 5 ದಿನ ಕಾದು ಅಳಿಸುತ್ತಾರೆ. ನಡುವೆ ಅದನ್ನು ಹರಾಜಿಗೂ ಇಡಬಹುದು. ಬಿಟ್ಟ ಹೆಸರನ್ನು ಹಿಡಿಯಲೆಂದೇ ಕಾದು ಕೂತವರೂ ಇದ್ದಾರೆ. ಆದರೂ ತಂಗಿ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದ್ದಾಳೆ.

ಅತ್ತಿಗೆ ಹಳೆಯ ಲೇಬಲ್ ಮೇಲೆ ಹೊಸ ವಿಳಾಸದ ಚೀಟಿ ಅಂಟಿಸುತ್ತಿದ್ದಾಳೆ. ಎರಡು ಸಾವಿರ ಲೇಬಲ್ ಇವೆ. ಮೊನ್ನೆ ಅವನಿಂದ ಮತ್ತೆ ಮೆಸೇಜ್ ಬಂತು: "ಮೇಡಂ, ಜನವರಿಗೆ ರಿನ್ಯೂವಲ್ ಇದೆ. ಮಾಡ್ಲಾ, ಬಿಡ್ಲಾ?"

ಉತ್ತರ ಕೊಟ್ಟಿಲ್ಲ.