ಒಂದೇ ರೋಬೋಟ್, ಮೂರು ಬ್ಯಾಕಪ್ ಸರ್ವರ್: ಆರು ವರ್ಷ ಬಳಸಿದ ಮೇಲೆ

ಮೊನ್ನೆ ಪುಣೆಯ ಗೆಳೆಯರೊಬ್ಬರು ಫೋನ್ ಮಾಡಿದ್ದರು. "ಮೂರೂ ಸರ್ವರ್‌ಗೆ ಟೇಪ್ ಲೈಬ್ರರಿಯ ರೋಬೋಟ್ ಕಾಣೋ ಹಾಗೆ ಮಾಡಿದ್ದೀನಿ, ಇಷ್ಟು ಸಾಕಲ್ವಾ?" ಅಂದರು. "ಬೇಡ ಮಾರಾಯ್ರೇ, ಇವತ್ತೇ ತೆಗೀರಿ" ಅಂದೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಟೇಪ್ ಲೈಬ್ರರಿ ಅಂದರೆ ಬ್ಯಾಕಪ್ ಟೇಪ್‌ಗಳನ್ನು ಇಡುವ ಪೆಟ್ಟಿಗೆ. ಅದರೊಳಗಿನ ರೋಬೋಟ್ ಟೇಪನ್ನು ಅದರ ಸ್ಲಾಟಿನಿಂದ ಎತ್ತಿ, ಓದಿ ಬರೆಯುವ ಡ್ರೈವಿಗೆ ಹಾಕುತ್ತದೆ.

ಮುಂಬೈಯ ಅಂಧೇರಿಯಲ್ಲಿರುವ ನಮ್ಮ ಸರ್ವರ್ ರೂಮಿನ ಲೈಬ್ರರಿಯಲ್ಲಿ 48 ಸ್ಲಾಟ್, ನಾಲ್ಕು ಎಲ್‌ಟಿಒ-7 (ಒಂದು ಟೇಪ್ ಮಾದರಿ) ಡ್ರೈವ್, ಒಂದೇ ರೋಬೋಟ್ ಇವೆ. ಒಂದು ಟೇಪಿಗೆ ಕಂಪ್ರೆಶನ್ ಇಲ್ಲದೆ 6 ಟಿಬಿ ಹಿಡಿಯುತ್ತದೆ. ಬಳಸುವ ಸರ್ವರ್‌ಗಳು ಲಿನಕ್ಸ್, ವಿಂಡೋಸ್, ಎಐಎಕ್ಸ್ (ಐಬಿಎಂನ ಯುನಿಕ್ಸ್). ಮೂರರಲ್ಲೂ ಇರುವುದು ಒಂದೇ ಬ್ಯಾಕಪ್ ಸಾಫ್ಟ್‌ವೇರ್.

ಮೊದಲ ವರ್ಷ ನಾವೂ ಪುಣೆಯವರ ಹಾಗೇ ಮಾಡಿದ್ದೆವು. ರೋಬೋಟ್‌ಗೆ ಯಾರು ಹೇಳಿದರೂ ಒಂದೇ. ಎತ್ತು ಅಂದರೆ ಎತ್ತುತ್ತದೆ, ಇಡು ಅಂದರೆ ಇಡುತ್ತದೆ. ಆದರೆ ಯಾವ ಟೇಪ್ ಯಾರದು ಅನ್ನುವ ಲೆಕ್ಕ ಮೂರು ಸರ್ವರ್‌ನಲ್ಲೂ ಬೇರೆ ಬೇರೆ ಇತ್ತು. ಒಂದು ರಾತ್ರಿ ವಿಂಡೋಸ್ ಸರ್ವರ್ ತನ್ನ ಪಟ್ಟಿಯಲ್ಲಿಲ್ಲದ ಟೇಪೊಂದನ್ನು ಖಾಲಿ ಅಂದುಕೊಂಡು ಮೊದಲಿನಿಂದ ಬರೆಯಿತು. ನಾವು ಕೊಟ್ಟ ಸೆಟ್ಟಿಂಗೇ ಹಾಗಿತ್ತು. ಅದರಲ್ಲಿ ಲಿನಕ್ಸ್ ಕಡೆಯ ತಿಂಗಳ ಕೊನೆಯ ಅಕೌಂಟ್ಸ್ ಬ್ಯಾಕಪ್ ಇತ್ತು. ಟೇಪಿನ ಮೇಲೆ ಹೊಸದಾಗಿ ಸ್ವಲ್ಪವೇ ಬರೆದರೂ ಡೇಟಾ ಮುಗಿದ ಗುರುತು ಅಲ್ಲೇ ಬೀಳುತ್ತದೆ, ಡ್ರೈವ್ ಅದರಾಚೆಗೆ ಓದುವುದಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದ ಊರು ಇದು. ಹಾಗಾಗಿ ಇನ್ನೊಂದು ಪ್ರತಿಯನ್ನು ಹೊರಗೆ ಕಳಿಸುವ ಅಭ್ಯಾಸ ಇತ್ತು, ಬಚಾವಾದೆವು.

ಆಮೇಲೆ ಸಾಫ್ಟ್‌ವೇರ್‌ನಲ್ಲೇ ಇದ್ದ ಲೈಬ್ರರಿ ಹಂಚಿಕೆಗೆ ಬಂದೆವು. ರೋಬೋಟ್‌ನ ಯಜಮಾನಿಕೆ ಈಗ ಲಿನಕ್ಸ್ ಸರ್ವರ್ ಒಂದಕ್ಕೇ. ಅತಿ ಕಡಿಮೆ ರೀಬೂಟ್ ಆಗುವುದು ಅದು, ಅದಕ್ಕೇ ಆರಿಸಿದ್ದು. ವಿಂಡೋಸ್‌ಗೆ ಟೇಪ್ ಬೇಕಾದರೆ ನೆಟ್‌ವರ್ಕ್ ಮೂಲಕ ಲಿನಕ್ಸನ್ನು ಕೇಳುತ್ತದೆ. ಲಿನಕ್ಸ್ ರೋಬೋಟ್‌ಗೆ ಹೇಳಿ ಡ್ರೈವಿಗೆ ಹಾಕಿಸುತ್ತದೆ. ಡೇಟಾ ಮಾತ್ರ ಲಿನಕ್ಸ್ ಮೂಲಕ ಹೋಗುವುದಿಲ್ಲ, ವಿಂಡೋಸ್‌ನಿಂದ ಸೀದಾ ಫೈಬರ್ ಚಾನೆಲ್‌ನಲ್ಲಿ (ಸ್ಟೋರೇಜ್‌ಗೆಂದೇ ಇರುವ ಬೇರೆ ನೆಟ್‌ವರ್ಕ್) ಡ್ರೈವಿಗೆ ಹರಿಯುತ್ತದೆ. ನನಗೆ ತುಂಬಾ ಇಷ್ಟವಾಗಿದ್ದು ಇದೇ. ಲೈಬ್ರರಿಯನ್ನು ಮೂರು ಪಾಲು ಮಾಡಿದ್ದರೆ ಡ್ರೈವ್‌ಗಳೂ ಹಂಚಿಹೋಗುತ್ತಿದ್ದವು. ಈಗ ರಾತ್ರಿ ಯಾರಿಗೆ ಜಾಸ್ತಿ ಕೆಲಸವೋ ಅವರಿಗೆ ನಾಲ್ಕೂ ಸಿಗುತ್ತವೆ.

ಕಷ್ಟ ಕೊಟ್ಟಿದ್ದು ಹೆಸರುಗಳು. ಎಐಎಕ್ಸ್‌ನ ಆರ್‌ಎಂಟಿ2, ಲಿನಕ್ಸ್‌ನ ಎನ್‌ಎಸ್‌ಟಿ2, ವಿಂಡೋಸ್‌ನ ಟೇಪ್2 ಒಂದೇ ಡ್ರೈವ್ ಅಂತ ನಂಬಿದ್ದೆ. ಅಲ್ಲ. ಒಂದೊಂದು ಓಎಸ್ ತಾನು ಕಂಡುಕೊಂಡ ಕ್ರಮದಲ್ಲಿ ನಂಬರ್ ಕೊಡುತ್ತದೆ. ರೋಬೋಟ್ ಒಂದು ಡ್ರೈವಿನಲ್ಲಿ ಟೇಪ್ ಇಟ್ಟರೆ ಸರ್ವರ್ ಪಕ್ಕದ ಖಾಲಿ ಡ್ರೈವನ್ನು ನೋಡುತ್ತಾ ಕೂರುತ್ತಿತ್ತು, ಕೊನೆಗೆ ಟೈಮ್‌ಔಟ್. ಡ್ರೈವಿನ ಸೀರಿಯಲ್ ನಂಬರ್ ಹಿಡಿದು ಹೊಂದಿಸಿದ ಮೇಲೇ ಸರಿಹೋಯಿತು. ಆ ನಾಲ್ಕು ನಂಬರ್‌ಗಳನ್ನು ಪ್ರಿಂಟ್ ತೆಗೆದು ರ‍್ಯಾಕಿನ ಬಾಗಿಲಿಗೆ ಒಳಗಿನಿಂದ ಅಂಟಿಸಿದ್ದೇನೆ.

ನಾಲ್ಕನೇ ವರ್ಷ ಮೊದಲನೇ ಡ್ರೈವ್ ಕೆಟ್ಟು, ಅದನ್ನು ಆಫ್ ಮಾಡಿ ತೆಗೆದರು. ನೈಟ್ ಶಿಫ್ಟಿನ ಕಾರ್ಕಳದ ಹುಡುಗ ಫೋನ್ ಮಾಡಿದ. "ಅಣ್ಣಾ, ರೋಬೋಟೇ ಕಾಣ್ತಿಲ್ಲ!" ನಮ್ಮ ಮಾದರಿಯಲ್ಲಿ ರೋಬೋಟ್‌ಗೆ ಬೇರೆ ಕೇಬಲ್ ಇಲ್ಲ. ಮೊದಲನೇ ಡ್ರೈವಿನ ಬೆನ್ನಿಗೆ ಎರಡನೇ ಲನ್ (ಅದೇ ಸಂಪರ್ಕದಲ್ಲಿ ಕಾಣುವ ಇನ್ನೊಂದು ಸಾಧನ) ಆಗಿ ಕಾಣಿಸುತ್ತದೆ. ಡ್ರೈವ್ ಹೋದರೆ ಅದೂ ಹೋಯಿತು. ಅವತ್ತೇ ಎರಡನೇ ಡ್ರೈವಿನಲ್ಲೂ ಕಂಟ್ರೋಲ್ ಪಾತ್ (ರೋಬೋಟ್‌ಗೆ ಆದೇಶ ಹೋಗುವ ದಾರಿ) ಆನ್ ಮಾಡಿಸಿದೆ.

ಇದೇ ಕಾರಣಕ್ಕೆ ಆ ಡ್ರೈವ್ ಹಂಚಿಕೊಂಡ ಸರ್ವರ್‌ಗೆಲ್ಲ ರೋಬೋಟ್ ಕೂಡ ಕಾಣುತ್ತದೆ. ಝೋನಿಂಗ್‌ನಲ್ಲಿ (ಯಾವ ಸರ್ವರ್‌ಗೆ ಯಾವ ಡ್ರೈವ್ ಕಾಣಬೇಕು ಅಂತ ಫೈಬರ್ ಚಾನೆಲ್‌ನಲ್ಲಿ ಮಾಡುವ ಏರ್ಪಾಡು) ಅದನ್ನಷ್ಟೇ ಬಿಡಿಸಲು ಬರುವುದಿಲ್ಲ. ನಾವು ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಚೇಂಜರನ್ನು (ಅಂದರೆ ರೋಬೋಟನ್ನು) ಡಿಸೇಬಲ್ ಮಾಡಿದ್ದೇವೆ. ಎಐಎಕ್ಸ್‌ನ ಬ್ಯಾಕಪ್ ಕಾನ್ಫಿಗರೇಶನ್‌ಗೆ ಅದನ್ನು ಸೇರಿಸಿಯೇ ಇಲ್ಲ.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಕಡಿಮೆ ಯಾಕೆಂದರೆ, ಲಿನಕ್ಸ್ ಸರ್ವರ್ ಮಲಗಿದರೆ ಉಳಿದ ಎರಡಕ್ಕೂ ಹೊಸ ಟೇಪ್ ಸಿಗುವುದಿಲ್ಲ. ಅದಕ್ಕೆ ಪ್ಯಾಚ್ ಹಾಕುವ ದಿನ ಬ್ಯಾಕಪ್ ಶುರುವಾಗುವ ಮೊದಲೇ, ಸಂಜೆ ಆರಕ್ಕೆ ಕೂರುತ್ತೇವೆ. ಪುಣೆಯವರು ನಿನ್ನೆ ವಿಂಡೋಸ್‌ನಲ್ಲಿ ಚೇಂಜರ್ ಡಿಸೇಬಲ್ ಮಾಡಿದರಂತೆ. ಸೀರಿಯಲ್ ನಂಬರ್ ಹೊಂದಿಸುವುದು ಇನ್ನೂ ಬಾಕಿ ಇದೆ, ಶನಿವಾರ ಫೋನಿನಲ್ಲೇ ಜೊತೆಗೆ ಕೂತು ಮಾಡುತ್ತೇವೆ.